ಅಪಘಾತ ಪುಸ್ತಕದ ಸಾಲು, ಗಾಯಾಳುವಿನ ಕೂಲಿ

ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡತಗಳನ್ನು ನೋಡಿಕೊಳ್ಳುವ ನನಗೆ, ಪೆಟ್ಟಾದ ಕಾರ್ಮಿಕರ ಮನೆಯವರಿಂದ ಬರುವ ಮೊದಲ ಪ್ರಶ್ನೆ ಬಹುತೇಕ ಒಂದೇ: “ಸರ್, ಇವರು ಮನೆಯಲ್ಲಿರುವಷ್ಟು ದಿನ ಸಂಬಳದ ಗತಿಯೇನು?” ಕೆಲಸದ ವೇಳೆ ಆದ ಗಾಯಕ್ಕೆ ಸರಾಸರಿ ದಿನಗೂಲಿಯ ಶೇ 90ರಷ್ಟನ್ನು, ಭಾನುವಾರಗಳೂ ಸೇರಿದಂತೆ, ಅಶಕ್ತತೆ ಇರುವವರೆಗೂ ಇಎಸ್‌ಐ ನಿಗಮವೇ ಕೊಡುತ್ತದೆ. ಅಪಘಾತದ ದಿನ ಬಿಟ್ಟು ಕನಿಷ್ಠ 3 ದಿನ ಕೆಲಸ ಮಾಡಲಾಗದ ಸ್ಥಿತಿ ಇರಬೇಕು, ಅಷ್ಟೆ. ಇಷ್ಟು ದಿನದ ವಿಮಾ ವಂತಿಗೆ ಕಟ್ಟಿರಬೇಕೆಂಬ ಷರತ್ತು ಇಲ್ಲದಿರುವುದರಿಂದ ನಿನ್ನೆ ಸೇರಿದವರಿಗೂ ಇದು ಸಲ್ಲುತ್ತದೆ.

ಅದೇ ಗಾಯ ಕೆಲಸದ್ದೆಂದು ಒಪ್ಪಿಗೆಯಾಗದಿದ್ದರೆ ಉಳಿಯುವುದು ಕಾಯಿಲೆ ಸೌಲಭ್ಯ ಮಾತ್ರ. ಅದು ಶೇ 70, ವರ್ಷಕ್ಕೆ 91 ದಿನಗಳ ಮಿತಿ, ಮೇಲೆ ವಂತಿಗೆಯ ಷರತ್ತು ಬೇರೆ. ಈ ಅಂತರವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕಾರ್ಖಾನೆಯಲ್ಲಿ ಗಾಯಗಳನ್ನು ದಾಖಲಿಸುವ ನಮೂನೆ 11ರ ಅಪಘಾತ ಪುಸ್ತಕ ಮತ್ತು ಅದರ ಆಧಾರದ ಮೇಲೆ ಇಎಸ್‌ಐ ಕಚೇರಿಗೆ ಕಳಿಸುವ ನಮೂನೆ 12ರ ವರದಿ. ಹೀಗಾಗಿ ನನ್ನ ಹೆಚ್ಚಿನ ಶ್ರಮ ಇಲ್ಲಿಯೇ ಹೋಗುತ್ತದೆ. ಮೇಲ್ವಿಚಾರಕರು ಸಾಮಾನ್ಯವಾಗಿ “ಕೈಗೆ ಪೆಟ್ಟು” ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಾನು ಗಾಯಾಳುವನ್ನೋ ಪಕ್ಕದಲ್ಲಿದ್ದವರನ್ನೋ ಕೇಳಿ, “ರಾತ್ರಿ ಪಾಳಿಯಲ್ಲಿ ಪವರ್ ಪ್ರೆಸ್‌ನಿಂದ ಬಿಡಿಭಾಗ ತೆಗೆಯುವಾಗ ಬಲಗೈ ತೋರುಬೆರಳಿನ ತುದಿ ಡೈಗಳ ನಡುವೆ ಸಿಲುಕಿ ಜಜ್ಜಿದೆ” ಎಂಬಷ್ಟು ಸ್ಪಷ್ಟವಾಗಿ, ಗಂಟೆ ಮತ್ತು ಸಾಕ್ಷಿಯ ಹೆಸರಿನೊಂದಿಗೆ ಬರೆಸುತ್ತೇನೆ. ವೈದ್ಯರ ಚೀಟಿಯಲ್ಲಿ ಎಡಗೈ ಎಂದಿದ್ದು ನಮ್ಮಲ್ಲಿ ಬಲಗೈ ಎಂದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ.

“ಅವನದೇ ನಿರ್ಲಕ್ಷ್ಯ, ಗ್ಲೌಸ್ ಹಾಕಿರಲಿಲ್ಲ” ಎಂದು ಸೇರಿಸುವ ಆತುರವೂ ಕೆಲವರಿಗಿರುತ್ತದೆ. ಸುರಕ್ಷಾ ನಿಯಮ ಮೀರಿದ್ದರೂ, ಮಾಡುತ್ತಿದ್ದ ಕೆಲಸ ಸಂಸ್ಥೆಯದ್ದೇ ಆಗಿದ್ದರೆ, ಅಷ್ಟರಿಂದಲೇ ಹಕ್ಕು ತಪ್ಪುವುದಿಲ್ಲವೆಂಬುದು ಇಎಸ್‌ಐ ಕಾನೂನಿನಲ್ಲೇ ಬಂದಿರುವ ಮಾತು. ಪುಸ್ತಕದಲ್ಲಿ ನಡೆದದ್ದಿರಲಿ, ತೀರ್ಪು ಬೇಡ ಎಂದು ನಾನು ಪಟ್ಟುಹಿಡಿಯುತ್ತೇನೆ.

ಹಣ ಬಂದಾಗ “ಶೇ 90 ಎಂದಿರಿ, ಕಡಿಮೆ ಬಂದಿದೆಯಲ್ಲ” ಎಂಬ ದೂರು ಸಾಮಾನ್ಯ. ಲೆಕ್ಕಕ್ಕೆ ಹಿಡಿಯುವುದು ಈಗಿನ ಸಂಬಳವನ್ನಲ್ಲ, ಹಿಂದಿನ ವಂತಿಗೆ ಅವಧಿಯ ಸರಾಸರಿಯನ್ನು. ಮಾರ್ಚ್‌ನಲ್ಲಿ ಗಾಯಗೊಂಡವರಿಗೆ ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವೇತನವೇ ಆಧಾರವಾಗುವುದರಿಂದ ಜನವರಿಯ ಸಂಬಳ ಏರಿಕೆ ಅದರೊಳಗೆ ಬರುವುದಿಲ್ಲ. ಇದನ್ನು ಮೊದಲೇ ತಿಳಿಸಿದರೆ ಅರ್ಧ ಜಗಳ ತಪ್ಪುತ್ತದೆ.

ಇನ್ನು ವೈದ್ಯಕೀಯ ಪ್ರಮಾಣಪತ್ರಗಳು. ಒಂದರ ಅವಧಿ ಮುಗಿಯುವ ಮೊದಲೇ ಡಿಸ್ಪೆನ್ಸರಿಗೆ ಹೋಗಿ ಮುಂದಿನದನ್ನು ಪಡೆಯಬೇಕು. ನಡುವೆ ಬಿಟ್ಟುಹೋದ ದಿನಗಳಿಗೆ ಹಣ ಪಡೆಯುವುದು ಬಲು ಕಷ್ಟ. ತುರ್ತಿನಲ್ಲಿ ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರೆ ಅಲ್ಲಿನ ಕಾಗದಗಳೊಂದಿಗೆ ಬೇಗನೆ ಇಎಸ್‌ಐ ವೈದ್ಯರನ್ನು ಕಾಣುವಂತೆ ಮನೆಯವರಿಗೆ ಹೇಳುತ್ತೇನೆ. ಬ್ಯಾಂಕ್ ಪಾಸ್‌ಬುಕ್ ಮತ್ತು ವಿಮಾ ದಾಖಲೆಯಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಆಗಲೇ ನೋಡಿಬಿಡುತ್ತೇನೆ.

ಕೆಲಸಕ್ಕೆ ಮರಳಬಹುದೆಂಬ ಅಂತಿಮ ಪ್ರಮಾಣಪತ್ರ ಬಂದ ಮೇಲೆ ಹಲವರು ಕಡತ ಮುಚ್ಚುತ್ತಾರೆ. ಬೆರಳಿನ ತುದಿ ಹೋಗಿದ್ದರೆ, ಗಂಟು ಮಡಚಲಾಗದಿದ್ದರೆ, ನಾನು ಅಂದೇ ವೈದ್ಯಕೀಯ ಮಂಡಳಿಗೆ ಅರ್ಜಿ ಸಿದ್ಧಪಡಿಸುತ್ತೇನೆ. ಮಂಡಳಿಯು ಶಾಶ್ವತ ನಷ್ಟವನ್ನು ಶೇಕಡಾವಾರು ನಿಗದಿಪಡಿಸಿದರೆ ಅದಕ್ಕೆ ತಕ್ಕ ಹಣ ಜೀವನಪರ್ಯಂತ ಸಿಗುತ್ತದೆ; ಮತ್ತೆ ಅದೇ ಪ್ರೆಸ್‌ನ ಮುಂದೆ ನಿಂತು ಪೂರ್ತಿ ಸಂಬಳ ಪಡೆಯುತ್ತಿದ್ದರೂ ಅದು ನಿಲ್ಲುವುದಿಲ್ಲ.