ಹೆಕ್ಸಮ್ ಸುತ್ತಲಿನ ರೋಮನ್ ಕಲ್ಲುಗಳು: ನನ್ನ ಅನುಭವ

ಇಂಗ್ಲೆಂಡಿನ ಉತ್ತರ ತುದಿಯಲ್ಲಿ ರೋಮನ್ನರು ಗಡಿಗೆಂದು ಕಟ್ಟಿದ ಹೇಡ್ರಿಯನ್ ಗೋಡೆಯನ್ನು ನೋಡಲು ಬರುವವರಲ್ಲಿ ಅನೇಕರು ನೇರವಾಗಿ ಗುಡ್ಡದ ಮೇಲಿನ ಹೌಸ್‌ಸ್ಟೆಡ್ಸ್ ಕೋಟೆಗೆ ಹೋಗುತ್ತಾರೆ. ನಾನು ನ್ಯೂಕಾಸಲ್‌ನಿಂದ ರೈಲು ಹಿಡಿದು ಹೆಕ್ಸಮ್ ಎಂಬ ಸಂತೆಪೇಟೆಯಲ್ಲಿ ಇಳಿದು, ಅಲ್ಲಿನ ಹಳೆಯ ಚರ್ಚಿನಿಂದ ಆರಂಭಿಸಿದೆ. ರೋಮನ್ನರ ಕಲ್ಲುಗಳು ಕೊನೆಗೆ ಎಲ್ಲಿ ಸೇರಿದವು ಎಂಬುದನ್ನು ಮೊದಲು ಕಂಡು, ಅವು ಹೊರಟ ಜಾಗವನ್ನು ಆಮೇಲೆ ನೋಡಿದರೆ ಪಾಳು ಗೋಡೆಗಳಿಗೂ ಅರ್ಥ ಬರುತ್ತದೆ ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಆ ಚರ್ಚಿನ ನೆಲಮಾಳಿಗೆಯನ್ನು ವಿಲ್‌ಫ್ರಿಡ್ ಎಂಬ ಧರ್ಮಗುರು ಸುಮಾರು 674ರಲ್ಲಿ, ಆ ವೇಳೆಗೆ ಹಾಳುಬಿದ್ದಿದ್ದ ರೋಮನ್ ಕಟ್ಟಡಗಳ ಕಲ್ಲುಗಳಿಂದಲೇ ಕಟ್ಟಿಸಿದನು. ಅದು ತೆರೆದಿರುವ ಸಮಯ ಕಡಿಮೆಯಾದ್ದರಿಂದ ಮುಂಚಿತವಾಗಿ ವಿಚಾರಿಸಿಕೊಂಡು ಹೋಗುವುದು ಒಳಿತು. ಕಡಿದಾದ ಮೆಟ್ಟಿಲಿಳಿದು ಇಕ್ಕಟ್ಟಾದ ಓಣಿಯಲ್ಲಿ ನಿಂತರೆ, ಗೋಡೆಯಲ್ಲಿ ಎಲೆಬಳ್ಳಿಯ ಕೆತ್ತನೆಯಿರುವ ತುಂಡುಗಳು ಕೈಗೆಟಕುವಷ್ಟು ಹತ್ತಿರದಲ್ಲಿ ಕಾಣುತ್ತವೆ. ಇನ್ನೊಂದು ಕಲ್ಲಿನಲ್ಲಿ, ಚಕ್ರವರ್ತಿ ಸೆವೆರಸ್ ಮತ್ತು ಅವನ ಮಕ್ಕಳ ಕಾಲದಲ್ಲಿ ಸೈನ್ಯದ ತುಕಡಿಯೊಂದು ಧಾನ್ಯದ ಉಗ್ರಾಣ ಕಟ್ಟಿದುದನ್ನು ಹೇಳುವ ಶಾಸನವಿದೆ. ಕಿರಿಯ ಮಗ ಗೆಟಾನನ್ನು ಅಣ್ಣ ಕಾರಕಾಲನು 211ರಲ್ಲಿ ಕೊಲ್ಲಿಸಿದ ಮೇಲೆ ಅವನ ಹೆಸರನ್ನು ಸಾಮ್ರಾಜ್ಯದುದ್ದಕ್ಕೂ ಅಳಿಸಲು ಆಜ್ಞೆಯಾಯಿತು; ಇಲ್ಲಿಯೂ ಆ ಹೆಸರಿದ್ದ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದಿದ್ದಾರೆ.

ಮೇಲಕ್ಕೆ ಬಂದರೆ ಫ್ಲಾವಿನಸ್ ಎಂಬ ಅಶ್ವದಳದ ಧ್ವಜಧಾರಿಯ ಸಮಾಧಿಕಲ್ಲು ಎದುರಾಗುತ್ತದೆ. ಕುದುರೆಯ ಕಾಲಡಿ ಮುದುರಿ ಕುಳಿತ ಶತ್ರುವನ್ನು ಕಂಡಾಗ ನಮ್ಮೂರ ಕಡೆಯ ವೀರಗಲ್ಲುಗಳು ನೆನಪಾಗುವುದು ಸಹಜ. ಆದರೆ ಬರಹದಲ್ಲಿ ಕದನದ ಮಾತೇ ಇಲ್ಲ: ವಯಸ್ಸು 25, ಸೇವೆ 7 ವರ್ಷ, ಸೇರಿದ್ದ ದಳದ ಹೆಸರು, ಅಷ್ಟೆ.

ಅಲ್ಲಿಂದ ಕೆಲವೇ ಮೈಲಿ ಪೂರ್ವಕ್ಕಿರುವ ಕಾರ್‌ಬ್ರಿಜ್‌ನ ರೋಮನ್ ಪಟ್ಟಣಕ್ಕೆ ಹೋದೆ. ಅಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಉಗ್ರಾಣಗಳ ಮುಂದೆಯೇ ನಾನು ಹೆಚ್ಚು ಹೊತ್ತು ಕಳೆದೆ. ನೆಲಮಾಳಿಗೆಯ ಶಾಸನ ಹೇಳುವ ಉಗ್ರಾಣ ಇವುಗಳಲ್ಲೊಂದು ಆಗಿದ್ದಿರಬಹುದು. ನೆಲದ ಚಪ್ಪಡಿಗಳನ್ನು ಗಿಡ್ಡ ಗೋಡೆಗಳ ಸಾಲಿನ ಮೇಲೆ ಹಾಸಿ, ಹೊರಗೋಡೆಯ ಬುಡದಲ್ಲಿ ಗಾಳಿಕಂಡಿಗಳನ್ನು ಬಿಟ್ಟಿದ್ದರಿಂದ ಧಾನ್ಯಕ್ಕೆ ತೇವ ತಾಗುತ್ತಿರಲಿಲ್ಲ. ಪಕ್ಕದ ನೀರಿನ ತೊಟ್ಟಿಯ ಅಂಚು ಅಲೆಅಲೆಯಾಗಿ ಸವೆದಿದೆ. ವಸ್ತುಸಂಗ್ರಹಾಲಯವು ಚಿಕ್ಕದಾದರೂ 1964ರಲ್ಲಿ ಸಿಕ್ಕ ಪೆಟ್ಟಿಗೆಯೊಳಗಿದ್ದ ಕವಚದ ತುಂಡುಗಳನ್ನು ತಪ್ಪದೆ ನೋಡಬೇಕು. ರೋಮನ್ ಸೈನಿಕರ ಪಟ್ಟಿಪಟ್ಟಿಯ ಉಕ್ಕಿನ ಕವಚವನ್ನು ಹೇಗೆ ಜೋಡಿಸುತ್ತಿದ್ದರೆಂಬುದು ವಿದ್ವಾಂಸರಿಗೆ ಸ್ಪಷ್ಟವಾಗಿದ್ದು ಅವುಗಳಿಂದಲೇ.

ವಿಂಡೊಲಾಂಡಾ ಕೋಟೆಗೆ ಮಾತ್ರ ಬೇರೆಯೇ ದಿನವನ್ನು ಇಟ್ಟುಕೊಂಡೆ. ಅದನ್ನು ನಡೆಸುವ ಸಂಸ್ಥೆಯೂ ಟಿಕೆಟ್ಟೂ ಬೇರೆ. ಗಾಳಿಯಾಡದ ಹಸಿಮಣ್ಣಿನ ಪದರಗಳಿಂದ ಇಲ್ಲಿ ಚರ್ಮದ ಪಾದರಕ್ಷೆಗಳಷ್ಟೇ ಅಲ್ಲದೆ, 1973ರಿಂದೀಚೆಗೆ ಮಸಿಯಲ್ಲಿ ಬರೆದ ತೆಳ್ಳನೆಯ ಮರದ ಹಲಗೆಗಳೂ ದೊರೆತಿವೆ. ಬಹುಪಾಲು ಹಲಗೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿವೆ. ಕೆಲವನ್ನಷ್ಟೆ ಇಲ್ಲಿ ಮಂದ ಬೆಳಕಿನ ಕಪಾಟಿನಲ್ಲಿರಿಸಿದ್ದಾರೆ. ಹೀಗಾಗಿ ಅವುಗಳ ಅನುವಾದವನ್ನು ಮನೆಯಲ್ಲೇ ಓದಿಕೊಂಡು ಹೋಗಿದ್ದೆ. ಕ್ಲಾಡಿಯಾ ಸೆವೆರಾ ತನ್ನ ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದ ಪತ್ರವನ್ನೇ ಎಲ್ಲರೂ ಹೆಸರಿಸುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಒಂದು ಲೆಕ್ಕದ ಪಟ್ಟಿ. ಅದರಲ್ಲಿ ಟಾಪ್ಪೊ ಎಂಬವನ ಮಗ ಗಾಂಬಾಕ್ಸ್‌ನ ಹೆಸರಿನಲ್ಲಿ ಕರಿಮೆಣಸಿಗೆ ಎರಡು ದಿನಾರಿ ಬರೆದಿದೆ. ಆಗ ರೋಮಿಗೆ ಕರಿಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ, ಮಾನ್ಸೂನ್ ಗಾಳಿ ಹಿಡಿದು ಕೆಂಪು ಸಮುದ್ರದ ಮೂಲಕ. ಅಷ್ಟು ದೂರದಿಂದ ಬಂದ ಸಾಮಾನು ಗಡಿಕೋಟೆಯ ಸಾಮಾನ್ಯನೊಬ್ಬನ ಲೆಕ್ಕದಲ್ಲಿ, ಬೇರೆ ಖರ್ಚುಗಳ ನಡುವೆ, ಒಂದೇ ಸಾಲಿನಲ್ಲಿ ಮುಗಿದಿದೆ.