ತೋಟದ ಉಸಿರಿನ ಲೆಕ್ಕ: ಒಂದು ಬಕೆಟ್, ಒಂದು ಎಕ್ಸೆಲ್ ಶೀಟ್

ಅಡಿಕೆ ತೋಟ ಹಗಲೂ ರಾತ್ರಿಯೂ ಉಸಿರಾಡುತ್ತದೆ. ಬೇರು, ಎಲೆ, ಬಿದ್ದ ಸೋಗೆಯನ್ನು ಕೊಳೆಸುವ ಸೂಕ್ಷ್ಮಜೀವಿ, ಎಲ್ಲವೂ ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಇದರ ಮಾಡೆಲ್ (ಉಸಿರು ಎಷ್ಟೆಂದು ಅಂದಾಜಿಸುವ ಲೆಕ್ಕ) ಮಾಡಲು ಹೊರಟರೆ ಮೊದಲು ಸಿಗುವುದು ಬಿಸಿಯ ಸೂತ್ರ: 10 ಡಿಗ್ರಿ ಏರಿದರೆ ಉಸಿರು ಸುಮಾರು ಎರಡು ಪಟ್ಟು. ನಾನೂ ಅದನ್ನೇ ನಂಬಿ, ಬದಿಯಡ್ಕದ ಹತ್ತಿರ ನಮ್ಮ ಮನೆ ಹಿಂದಿನ ಪದವಿನಲ್ಲಿ (ಮುರಕಲ್ಲಿನ ಹುಲ್ಲು ಬಯಲು) ವರ್ಷವಿಡೀ ಅಳೆದು ಎಕ್ಸೆಲ್‌ಗೆ ಹಾಕಿದೆ. ಗೆರೆ ಕೆಳಗೆ ಇಳಿಯಿತು. ಬಿಸಿ ಜಾಸ್ತಿಯಾದಷ್ಟೂ ಉಸಿರು ಕಮ್ಮಿ!

ಸೂತ್ರದ ತಪ್ಪಲ್ಲ. ಏಪ್ರಿಲ್‌ನಲ್ಲಿ ಮುಳಿಹುಲ್ಲು ಒಣಗಿ, ಮುರಕಲ್ಲಿನ ಮೇಲಿನ ಒಂದಿಷ್ಟು ಮಣ್ಣು ಹುಡಿಯಾಗಿರುತ್ತದೆ. ನೀರೇ ಇಲ್ಲದ ಮೇಲೆ ಬಿಸಿ ಇದ್ದು ಏನು ಪ್ರಯೋಜನ? ನಮ್ಮ ಕಾಸರಗೋಡಿನಲ್ಲಿ ಬಿಸಿ, ತೇವ, ಹಸಿರು (ಮೇಲಿರುವ ಎಲೆಯ ಪ್ರಮಾಣ) ಮೂರನ್ನೂ ಬೇರೆ ಬೇರೆ ಬಿಡಿಸಲೇಬೇಕು.

ಮೊದಲು ಅಳತೆ. ಬಾಯಿ 25 ಸೆಂ.ಮೀ. ಇರುವ 10 ಲೀಟರಿನ ಕಪ್ಪು ಬಕೆಟ್ ಸಾಕು. ಅದರೊಳಗೆ ಮೊಬೈಲಿಗೆ ಅಂಕೆ ಕಳಿಸುವ ಕಾರ್ಬನ್ ಡೈಆಕ್ಸೈಡ್ ಮೀಟರ್ ಇಟ್ಟು, ನೆಲಕ್ಕೆ ಕವುಚಿ, ಅಂಚಿಗೆ ಹಸಿ ಮಣ್ಣು ಮೆತ್ತಿ. ಮೀಟರ್ ಇನ್‌ಫ್ರಾರೆಡ್ ಸೆನ್ಸರಿನದ್ದೇ ಆಗಿರಲಿ, ತೀರಾ ಅಗ್ಗದವು ಬೇರೆ ಅನಿಲ ನೋಡಿ ಸುಮ್ನೆ ಅಂದಾಜು ಹೇಳುತ್ತವೆ. 5 ನಿಮಿಷದಲ್ಲಿ 430ರಿಂದ 610 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಏರಿತು ಅಂದುಕೊಳ್ಳಿ. ಸೆಕೆಂಡಿಗೆ 0.6 ಆಯಿತು. ಬಕೆಟಿನ ಗಾತ್ರವನ್ನು ಬಾಯಿಯ ವಿಸ್ತೀರ್ಣದಿಂದ ಭಾಗಿಸಿದರೆ 0.2 ಮೀಟರ್. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 40 ಮೋಲ್ (ಅಣುಗಳನ್ನು ಎಣಿಸುವ ಅಳತೆ) ಇರುತ್ತದೆ. ಮೂರನ್ನೂ ಗುಣಿಸಿ: 4.8. ಚದರ ಮೀಟರ್ ನೆಲ ಸೆಕೆಂಡಿಗೆ ಬಿಟ್ಟ ಉಸಿರು ಇಷ್ಟು ಮೈಕ್ರೋಮೋಲ್.

ಆಗಲೇ 5 ಸೆಂ.ಮೀ. ಆಳದ ಮಣ್ಣಿನ ಬಿಸಿ ಬರೆದುಕೊಳ್ಳಿ. ಪಕ್ಕದಿಂದ 100 ಗ್ರಾಂ ಮಣ್ಣು ತೆಗೆದು, ಪೂರ್ತಿ ಒಣಗಿಸಿ ಮತ್ತೆ ತೂಗಿ. ಇಳಿದ ತೂಕವೇ ತೇವ. (ಅಡಿಗೆಮನೆಯ ಬಾಣಲೆ ಮುಟ್ಟಿ ನಾನು ಬೈಗಳು ತಿಂದಿದ್ದೇನೆ. ಹಳೆಯದೊಂದನ್ನು ಬೇರೆಯೇ ಇಟ್ಟುಕೊಳ್ಳಿ.)

ಈಗ ಬಿಡಿಸುವ ಕೆಲಸ. ಬಿಸಿಯ ಪರಿಣಾಮವನ್ನು ಒಂದೇ ದಿನದ ಬೆಳಿಗ್ಗೆ, ಮಧ್ಯಾಹ್ನದ ಅಳತೆಯಿಂದ ತೆಗೆಯಿರಿ, ಯಾಕೆಂದರೆ ಅಷ್ಟು ಹೊತ್ತಿಗೆ ತೇವ ಹೆಚ್ಚೇನೂ ಬದಲಾಗುವುದಿಲ್ಲ. 25 ಡಿಗ್ರಿಯಲ್ಲಿ 3, 30ರಲ್ಲಿ 4.2 ಬಂದರೆ 5 ಡಿಗ್ರಿಗೆ 1.4 ಪಟ್ಟು. 10 ಡಿಗ್ರಿಗೆ 1.4ರ ವರ್ಗ, 1.96. ಹಲವು ದಿನಗಳ ಸರಾಸರಿ ಹಿಡಿಯಿರಿ.

ಆ ಪಟ್ಟು ಬಳಸಿ ಎಲ್ಲ ತಿಂಗಳ ಅಳತೆಗಳನ್ನೂ 25 ಡಿಗ್ರಿಗೆ ತನ್ನಿ. ಉಳಿಯುವ ಏರಿಳಿತದಲ್ಲಿ ದೊಡ್ಡ ಪಾಲು ತೇವದ್ದು. ಒಣ ಮಣ್ಣಿನಲ್ಲಿ ಕಮ್ಮಿ, ಹದ ತೇವದಲ್ಲಿ ಜಾಸ್ತಿ. ಆಟಿಯಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲ) ಕಣಿ, ಅಂದರೆ ತೋಟದ ಕಾಲುವೆ, ತುಂಬಿ ಮಣ್ಣಿಗೆ ಗಾಳಿ ಸಿಗದಾಗ ಮತ್ತೆ ಕಮ್ಮಿ. ಅತಿ ಹೆಚ್ಚಿನದಕ್ಕೆ 1 ಅಂತ ಕೊಟ್ಟು ಉಳಿದವನ್ನು ಅದರ ಪಾಲಾಗಿ ಬರೆಯಿರಿ. ಮೊದಲ ಮಳೆಯ ಒಂದೆರಡು ದಿನ ಮಾತ್ರ ಬೇರೆ ಇಡಿ. ಒಣಗಿದ ಮಣ್ಣು ನೆನೆದ ಕೂಡಲೇ ಉಸಿರು ಒಮ್ಮೆಲೇ ಚಿಮ್ಮುತ್ತದೆ. 1958ರಲ್ಲಿ ಇದರ ಬಗ್ಗೆ ಬರೆದ ಬರ್ಚ್ ಎಂಬವರ ಹೆಸರೇ ಅದಕ್ಕೆ ಬಿದ್ದಿದೆ.

ಹಸಿರಿಗೆ ಮೊಬೈಲಿನ ಬೆಳಕಿನ ಆ್ಯಪ್ ಸಾಕು. ಮೋಡದ ದಿನ ಬಯಲಲ್ಲಿ 20,000 ಲಕ್ಸ್, ಮರದಡಿ 5,000 ಇದ್ದರೆ ನಾಲ್ಕನೇ ಒಂದು ಪಾಲು. 4ರ ನ್ಯಾಚುರಲ್ ಲಾಗ್ 1.39, ಅದನ್ನು 0.5ರಿಂದ (ಎಲೆ ಬೆಳಕು ತಡೆಯುವುದಕ್ಕೆ ಹಿಡಿದ ಅಂದಾಜು ಅಂಕೆ) ಭಾಗಿಸಿದರೆ 2.8. ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 2.8 ಚದರ ಮೀಟರ್ ಎಲೆ ಇದೆ ಅಂತ. ಅಡಿಕೆ, ರಬ್ಬರ್, ಗೇರು, ಪದವು ನಾಲ್ಕೂ ಕಡೆ ಇದನ್ನು ಅಳೆದು, 25 ಡಿಗ್ರಿ ಮತ್ತು ಹದ ತೇವದಲ್ಲಿನ ಉಸಿರಿನ ಎದುರು ಇಟ್ಟು ಗೆರೆ ಎಳೆಯಿರಿ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುತ್ತದೆ ಅಲ್ವಾ, ಆ ಸಂಬಂಧ ಇಲ್ಲಿ ಕಾಣಬೇಕು.

ಗೆರೆ ಕೊಟ್ಟ ಉಸಿರು, ಬಿಸಿಯ ಪಟ್ಟು, ತೇವದ ಪಾಲು ಮೂರನ್ನೂ ಗುಣಿಸಿದರೆ ಅದೇ ಮಾಡೆಲ್. ಆದರೆ ಬಕೆಟಿಗೆ ಸಿಗುವುದು ನೆಲದ ಉಸಿರು ಮಾತ್ರ. ಕಾಂಡ, ಎಲೆಯದ್ದೂ ಬೇಕಿದ್ದರೆ ಮರಕ್ಕಿಂತ ಎತ್ತರದ ಗೋಪುರದಲ್ಲಿ ರಾತ್ರಿಯ ಗಾಳಿ ಅಳೆಯಬೇಕು.

ಕೆಲವು ಅಳತೆಗಳನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆ ಉಳಿಸಿಕೊಳ್ಳಿ. ನನ್ನ ಮಾಡೆಲ್ ಈಗಲೂ ಎಡವುವುದು ಬುಡಕ್ಕೆ ಹಟ್ಟಿಗೊಬ್ಬರ ಹಾಕಿದ ವಾರ. ಅದಕ್ಕೊಂದು ಕಾಲಂ ನಾನಿನ್ನೂ ಸೇರಿಸಿಲ್ಲ.