ಹಳೆ ಹೆವಿ ಡ್ಯೂಟಿ ಪಿಕಪ್‌ಗಳನ್ನು ಕೊಳ್ಳುವಾಗ ನಾನು ಮೊದಲು ನೋಡುವುದು ಮೈಲಿ ಅಲ್ಲ

ಟೆಕ್ಸಾಸ್‌ನಲ್ಲಿ ಬೇಲಿ, ಗೇಟು, ಹೊರಗಿನ ವೈರಿಂಗ್ ಕೆಲಸ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಗಾಡಿಗಳ ಜವಾಬ್ದಾರಿ ನನ್ನದು. ಸಾಲಾಗಿ ಹೊಸ ಟ್ರಕ್ ಕೊಳ್ಳುವಷ್ಟು ಬಜೆಟ್ ನಮಗೆ ಯಾವತ್ತೂ ಇರಲಿಲ್ಲ, ಈಗಲೂ ಇಲ್ಲ. ಇರುವುದೆಲ್ಲ ಸೆಕೆಂಡ್ ಹ್ಯಾಂಡ್. ಅದೂ ಆಫೀಸಿಗೆ ಓಡಿಸಿಕೊಂಡು ಹೋಗುವ ಅರ್ಧ ಟನ್ ಪಿಕಪ್ ಅಲ್ಲ, ಮುಕ್ಕಾಲು ಟನ್, ಒಂದು ಟನ್ ಅಂತ ಇಲ್ಲಿ ಕರೆಯುವ ಹೆವಿ ಡ್ಯೂಟಿ ಗಾಡಿಗಳು: ಫೋರ್ಡ್ ಎಫ್-250, ಎಫ್-350, ಷೆವರ್ಲೆ ಸಿಲ್ವರಾಡೊ 2500, ರಾಮ್ 2500, ಆ ಸಾಲಿನವು. ಸ್ವಂತ ಕೆಲಸ ಶುರು ಮಾಡಿದ ಗೆಳೆಯರು ಆಗಾಗ ಫೋನ್ ಮಾಡಿ, ಯಾವ ಕಂಪನಿದು ತಗೊಳ್ಳಲಿ, ಯಾವುದು ಕೆಡಲ್ಲ ಅಂತ ಕೇಳುತ್ತಾರೆ. ಒಂದೇ ಗಾಡಿ ಕೊಳ್ಳುವವರಿಗೆ ಅದು ಸರಿಯಾದ ಪ್ರಶ್ನೆ. ಏಳೆಂಟು ಗಾಡಿ ಇಟ್ಟುಕೊಳ್ಳುವವನು ಆ ಪ್ರಶ್ನೆ ಬಿಟ್ಟುಬಿಡಬೇಕು. ಕೆಡದ ಗಾಡಿ ಯಾವುದೂ ಇಲ್ಲ. ಎಲ್ಲವೂ ಒಂದೇ ಥರ ಕೆಡುವಂತಿದ್ದರೆ ನನಗೆ ಅಷ್ಟು ಸಾಕು.

ನಾನು ಬರುವ ಮೊದಲು ಇಲ್ಲಿ ಮೂರೂ ಕಂಪನಿಯ ಟ್ರಕ್‌ಗಳಿದ್ದವು. ಆ ಹೊತ್ತಿಗೆ ಯಾವುದು ಅಗ್ಗಕ್ಕೆ ಸಿಕ್ಕಿತೋ ಅದನ್ನು ತಂದು ನಿಲ್ಲಿಸಿದ್ದರು. ಚಕ್ರವನ್ನೇ ನೋಡಿ. ಮೂರಕ್ಕೂ ಎಂಟು ನಟ್ಟು, ದೂರದಿಂದ ಎಲ್ಲ ಒಂದೇ ಥರ ಕಾಣುತ್ತದೆ. ಆದರೆ ಫೋರ್ಡ್ ಸೂಪರ್ ಡ್ಯೂಟಿಯಲ್ಲಿ, ಅಂದರೆ ಎಫ್-250, ಎಫ್-350 ಸಾಲಿನಲ್ಲಿ, ಆ ನಟ್ಟುಗಳು ಕೂರುವ ವೃತ್ತದ ಅಳತೆ 170 ಮಿಲಿಮೀಟರ್, 2011ರಿಂದ ಈಚಿನ ಷೆವರ್ಲೆಯಲ್ಲಿ 180, ರಾಮ್‌ನಲ್ಲಿ ಆರೂವರೆ ಇಂಚು, ಅಂದರೆ 165 ಚಿಲ್ಲರೆ. ಒಂದರ ಸ್ಟೆಪ್ನಿ ಇನ್ನೊಂದಕ್ಕೆ ಕೂರುವುದಿಲ್ಲ. ಊರಾಚೆ ಸೈಟಿನಲ್ಲಿ ಟಯರ್ ಹೋದಾಗ ಪಕ್ಕದಲ್ಲೇ ನಮ್ಮದೇ ಇನ್ನೊಂದು ಟ್ರಕ್ ನಿಂತಿದ್ದರೂ ಸುಮ್ನೆ ನೋಡುತ್ತಾ ನಿಲ್ಲಬೇಕು. ಫಿಲ್ಟರ್, ಬ್ರೇಕ್ ಪ್ಯಾಡ್, ಸ್ಟಾರ್ಟರ್, ಗೇರ್ ಆಯಿಲ್ ಎಲ್ಲದಕ್ಕೂ ಇದೇ ಕಥೆ.

ಈಗ ನಮ್ಮಲ್ಲಿರುವುದು ಬಹುಪಾಲು 6.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಎಫ್-250ಗಳು. ಟೂ ವೀಲ್ ಡ್ರೈವ್, ಬಿಳಿ ಬಣ್ಣ, ಒಳಗೆ ತೊಳೆಯಲು ಸುಲಭವಾದ ರಬ್ಬರ್ ನೆಲ. ನೋಡೋಕೆ ಚೆನ್ನಾಗಿಲ್ಲ, ಒಪ್ಪುತ್ತೇನೆ. ಆದರೆ ಈ ಎಂಜಿನ್ ಸೂಪರ್ ಡ್ಯೂಟಿಯಲ್ಲಿ 2011ರಿಂದ 2022ರವರೆಗೆ ಬಂತು, ಹಾಗಾಗಿ ಐದಾರು ವರ್ಷ ಹಿಂದೆ ಮುಂದೆ ಇರುವ ಎರಡು ಗಾಡಿಗಳಿಗೂ ಎಂಜಿನ್ನಿನ ಎಷ್ಟೋ ಪಾರ್ಟ್ಸ್ ಒಂದೇ ಕಪಾಟಿನಿಂದ ತೆಗೆದು ಹಾಕಬಹುದು. ಸಿಲಿಂಡರಿಗೆ ಎರಡರಂತೆ 16 ಸ್ಪಾರ್ಕ್ ಪ್ಲಗ್ ಇದರಲ್ಲಿ, ಪ್ಲಗ್ ಬದಲಿಸುವ ದಿನ ಸ್ವಲ್ಪ ಬೈಗುಳ ಕೇಳಬೇಕಾಗುತ್ತದೆ, ಅದು ಬೇರೆ ಮಾತು. ಮೆಕ್ಯಾನಿಕ್‌ಗೆ ಎಂಜಿನ್ನಿನ ಸದ್ದು ಬಾಯಿಪಾಠ. ಬೆಳಿಗ್ಗೆ ತಣ್ಣಗಿರುವಾಗ ಟಿಕ್ ಟಿಕ್ ಅಂದು ಬಿಸಿಯಾದ ಮೇಲೆ ನಿಂತುಹೋದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಮುರಿದಿರುವ ಸಾಧ್ಯತೆ ಜಾಸ್ತಿ, ಇಂಥ ದೊಡ್ಡ ಪೆಟ್ರೋಲ್ ಎಂಜಿನ್‌ಗಳಲ್ಲಿ ಇದು ಮಾಮೂಲು. ಹಾಗೆ ಗೊತ್ತಿರುವ ರೋಗಕ್ಕೆ ನಾನು ಹೆದರುವುದಿಲ್ಲ.

ಡೀಸೆಲ್ ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ದಿನಾ ಭಾರಿ ಟ್ರೇಲರ್ ಎಳೆದುಕೊಂಡು ಹೈವೇಯಲ್ಲಿ ನೂರಾರು ಮೈಲಿ ಹೋಗುವವರಿಗೆ ಡೀಸೆಲ್ಲೇ ಸರಿ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಗಾಡಿಗಳು ಊರೊಳಗೆ ಹತ್ತು ಮೈಲಿ ಹೋಗಿ, ಅಲ್ಲಿ ಎಂಜಿನ್ ಆನ್ ಇಟ್ಟುಕೊಂಡು ನಿಂತು, ಮತ್ತೆ ಐದು ಮೈಲಿ ಹೋಗುವಂಥವು. ಈಗಿನ ಡೀಸೆಲ್‌ಗಳಿಗೆ ಇದಕ್ಕಿಂತ ಕೆಟ್ಟ ಬದುಕು ಇನ್ನೊಂದಿಲ್ಲ. ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಎಕ್ಸಾಸ್ಟ್ ಚೆನ್ನಾಗಿ ಬಿಸಿಯಾಗಬೇಕು, ಸಣ್ಣ ಸಣ್ಣ ಓಡಾಟದಲ್ಲಿ ಅದು ಆಗುವುದೇ ಇಲ್ಲ.

ಸೆಕೆಂಡ್ ಹ್ಯಾಂಡ್ ಡೀಸೆಲ್ ಕೊಳ್ಳಲೇಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು, ವರ್ಷ ನೋಡಿ ಕೊಳ್ಳಿ. 2003ರಿಂದ 2007ರವರೆಗಿನ 6.0 ಲೀಟರ್ ಪವರ್‌ಸ್ಟ್ರೋಕ್, ಅಂದರೆ ಫೋರ್ಡ್‌ನ ಡೀಸೆಲ್ ಎಂಜಿನ್ನಿನ ಕಥೆ ಇಲ್ಲಿನ ಗ್ಯಾರೇಜುಗಳಲ್ಲಿ ಎಲ್ಲರಿಗೂ ಗೊತ್ತು. ಆಯಿಲ್ ಕೂಲರ್ ಕಟ್ಟಿಕೊಳ್ಳುತ್ತದೆ, ಅದರಿಂದ ಎಂಜಿನ್ನಿಗೆ ವಾಪಸ್ ಹೋಗುವ ಎಕ್ಸಾಸ್ಟ್ ಹೊಗೆಯನ್ನು ತಣ್ಣಗಾಗಿಸುವ ಇಜಿಆರ್ ಕೂಲರ್‌ಗೆ ಕೂಲಂಟ್ ಸಾಕಾಗದೆ ಅದು ಒಡೆಯುತ್ತದೆ, ಕೊನೆಗೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ದೊಡ್ಡ ರಿಪೇರಿಗೆ ಎಷ್ಟೋ ಕಡೆ ಕ್ಯಾಬಿನ್ನನ್ನೇ ಚಾಸಿಯಿಂದ ಎತ್ತಿಬಿಡುತ್ತಾರೆ. ಆಮೇಲಿನ 6.4, 2008ರಿಂದ 2010, ಡಿಪಿಎಫ್ ಸುಡುವಾಗ ಸಿಲಿಂಡರಿಗೇ ಜಾಸ್ತಿ ಡೀಸೆಲ್ ಬಿಡುತ್ತದೆ, ಅದು ಸೋರಿ ಎಂಜಿನ್ ಆಯಿಲ್ ಜೊತೆ ಸೇರುತ್ತದೆ. ಇನ್ನೊಂದು ಹೆಸರು ನೆನಪಿಡಬೇಕಾದ್ದು ಸಿಪಿ4, ಬಾಷ್ ಕಂಪನಿಯ ಹೈ ಪ್ರೆಷರ್ ಪಂಪು. ಫೋರ್ಡ್‌ನ 6.7ರಲ್ಲಿ 2011ರಿಂದ, ಷೆವರ್ಲೆಯ ಡೀಸೆಲ್ ಎಂಜಿನ್ ಡ್ಯುರಾಮ್ಯಾಕ್ಸ್‌ನಲ್ಲಿ 2011ರಿಂದ 2016ರವರೆಗೆ, ರಾಮ್‌ನ ಕಮಿನ್ಸ್‌ನಲ್ಲಿ 2019, 2020ರಲ್ಲಿ ಇದೇ ಇತ್ತು. ಈ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಜಾರುಪದಾರ್ಥ. ಒಳಗಿನ ರೋಲರ್ ಒಮ್ಮೆ ಅಡ್ಡ ತಿರುಗಿತೋ ಮುಗಿಯಿತು, ಕ್ಯಾಮ್ ಉಜ್ಜಿ ಕಬ್ಬಿಣದ ಪುಡಿ ಡೀಸೆಲ್ ಹಂಚುವ ಪೈಪಿಗೂ (ಫ್ಯುಯಲ್ ರೈಲ್) ಇಂಜೆಕ್ಟರಿಗೂ ಹೋಗುತ್ತದೆ, ಇಡೀ ಇಂಧನದ ಸಾಲನ್ನೇ ಬದಲಿಸಬೇಕು. ಬಿಲ್ಲು 10,000 ಡಾಲರ್ ಹತ್ತಿರ ಹೋಗುವುದು ಅಪರೂಪವೇನಲ್ಲ. ರಾಮ್‌ನವರು ಆ ಎರಡು ವರ್ಷದ ಗಾಡಿಗಳಿಗೆ ರೀಕಾಲ್ ಮಾಡಿ, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿ, ಹಳೆಯ ಸಿಪಿ3 ಪಂಪನ್ನೇ ವಾಪಸ್ ಹಾಕಿಕೊಟ್ಟರು. ಹಾಗಾಗಿ ಆ ವರ್ಷದ ರಾಮ್ ನೋಡುವಾಗ ರೀಕಾಲ್ ಕೆಲಸ ಆಗಿದೆಯಾ ಅನ್ನುವುದೇ ಮೊದಲ ಪ್ರಶ್ನೆ.

ಹಳೆ 5.9 ಕಮಿನ್ಸ್ ಚಿನ್ನದಂಥ ಎಂಜಿನ್ ಅನ್ನುವವರಿದ್ದಾರೆ. ಎಂಜಿನ್ ಮಾತು ನಿಜ ಇರಬಹುದು, ಆದರೆ ಅದರ ಸುತ್ತ ಇರುವ ಗಾಡಿಗೂ ಅಷ್ಟೇ ವಯಸ್ಸಾಗಿರುತ್ತದೆ ಅಲ್ವಾ? ಗೇರ್‌ಬಾಕ್ಸ್, ಸ್ಟೀರಿಂಗ್, ವೈರಿಂಗ್, ಸೀಟು. ಹವ್ಯಾಸಕ್ಕೆ ಕೊಳ್ಳುವವರು ಬೆಲೆ ಏರಿಸಿಟ್ಟಿರುವ ಮಾಲನ್ನು ಕೂಲಿ ಕೆಲಸಕ್ಕೆ ನಾನು ಕೊಳ್ಳುವುದಿಲ್ಲ.

ಈಗ ಮೈಲಿಯ ವಿಷಯ. ಗಾಡಿ ಹತ್ತಿದ ತಕ್ಷಣ ನಾನು ಮಾಡುವುದು ಇದು: ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಸ್ಟೀರಿಂಗ್ ಮೇಲಿನ ಬಾಣದ ಗುಂಡಿ ಒತ್ತುತ್ತಾ ಮೀಟರಿನ ಸಣ್ಣ ಪರದೆಯಲ್ಲಿ ಎಂಜಿನ್ ಅವರ್ಸ್ ಬರುವವರೆಗೆ ಹೋಗುತ್ತೇನೆ. ಫೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಅದರ ಜೊತೆಯಲ್ಲೇ ಐಡಲ್ ಅವರ್ಸ್, ಅಂದರೆ ನಿಂತಲ್ಲೇ ಓಡಿದ ಗಂಟೆಗಳೂ ಇರುತ್ತವೆ. ಎರಡನ್ನೂ ಫೋಟೋ ತೆಗೆದುಕೊಳ್ಳಿ. ಮೈಲಿಯನ್ನು ಒಟ್ಟು ಗಂಟೆಯಿಂದ ಭಾಗಿಸಿದರೆ ಗಾಡಿಯ ಜಾತಕ ಅರ್ಧ ಸಿಕ್ಕಿತು. 80,000 ಮೈಲಿ, 6,400 ಗಂಟೆ ಇದ್ದರೆ ಗಂಟೆಗೆ ಹನ್ನೆರಡೂವರೆ ಮೈಲಿ. ಅದು ಓಡಿದ್ದಕ್ಕಿಂತ ನಿಂತದ್ದೇ ಜಾಸ್ತಿ. 1,40,000 ಮೈಲಿ, 4,200 ಗಂಟೆ ಅಂದರೆ ಗಂಟೆಗೆ 33, ಹೈವೇ ಗಾಡಿ. ಎರಡನೆಯದಕ್ಕೆ ಬೆಲೆ ಕಡಿಮೆ ಇರುತ್ತದೆ, ಯಾಕಂದರೆ ಜನ ಮೈಲಿ ನೋಡಿ ಬೆಲೆ ಕಟ್ಟುತ್ತಾರೆ. ನಾನು ಕಣ್ಣುಮುಚ್ಚಿ ಎರಡನೆಯದಕ್ಕೇ ಹೋಗುತ್ತೇನೆ. ಒಂದು ಗಂಟೆ ಐಡಲ್ ಅಂದರೆ ಸುಮಾರು 25 ಮೈಲಿ ಓಡಿದಷ್ಟು ಸವೆತ ಅನ್ನುವ ಲೆಕ್ಕ ಫೋರ್ಡ್ ಟ್ರಕ್ ನೋಡಿಕೊಳ್ಳುವವರಲ್ಲಿ ಚಾಲ್ತಿಯಲ್ಲಿದೆ, ಆಯಿಲ್ ಬದಲಿಸುವ ದಿನವನ್ನೂ ನಾನು ಹಾಗೇ ಗುರುತು ಹಾಕುತ್ತೇನೆ.

ಎಂಜಿನ್ ತಣ್ಣಗಿರಬೇಕು. ಬೆಳಿಗ್ಗೆ ಬರುತ್ತೇನೆ, ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿರುತ್ತೇನೆ. ಆದರೂ ಒಬ್ಬ ಮಾರುವವನು, ಚಳಿ ಇದೆ ಅಂತ ಸ್ವಲ್ಪ ಬಿಸಿ ಮಾಡಿಟ್ಟೆ ಸಾರ್ ಅಂತ ನಗುತ್ತಾ ನಿಂತಿದ್ದ. ಬಾನೆಟ್ ಮುಟ್ಟಿ ನೋಡಿ, ಥ್ಯಾಂಕ್ಸ್ ಹೇಳಿ ವಾಪಸ್ ಬಂದೆ. ಅವನು ಒಳ್ಳೆಯವನೇ ಇರಬಹುದು. ಆದರೆ ಮೊದಲ ಹತ್ತು ಸೆಕೆಂಡಿನ ಸದ್ದು ಕೇಳದೆ ನಾನು ದುಡ್ಡು ಕೊಡುವುದಿಲ್ಲ.

ಕೆಳಗೆ ಮಲಗಿ ನೋಡುವುದಕ್ಕೆ ಹಳೆ ಬಟ್ಟೆ, ಟಾರ್ಚು, ಒಂದು ಸಣ್ಣ ಸುತ್ತಿಗೆ ಒಯ್ಯುತ್ತೇನೆ. ಹಿಂದಿನ ಸ್ಪ್ರಿಂಗ್ ನೇತುಬೀಳುವ ಬ್ರ್ಯಾಕೆಟ್ ಹತ್ತಿರ ಫ್ರೇಮಿಗೆ ಮೆತ್ತಗೆ ಕುಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ದಬ್ ಅಂದು ಪದರ ಪದರವಾಗಿ ಉದುರುತ್ತದೆ. 2017ರಿಂದ ಸೂಪರ್ ಡ್ಯೂಟಿಗೆ ಅಲ್ಯೂಮಿನಿಯಂ ಬಾಡಿ. ಇದು ಕೊಳ್ಳುವವರಿಗೆ ಒಂಥರಾ ಮೋಸ, ಯಾಕಂದರೆ ಉತ್ತರದ ರಾಜ್ಯಗಳಲ್ಲಿ ರಸ್ತೆಗೆ ಉಪ್ಪು ಹಾಕುವ ಕಡೆ ಓಡಿದ ಗಾಡಿಯೂ ಮೇಲಿಂದ ಫಳಫಳ ಅಂತಿರುತ್ತದೆ, ಕೆಳಗೆ ಉಕ್ಕಿನ ಫ್ರೇಮು, ಬ್ರೇಕ್ ಪೈಪು ಕೊಳೆತಿರುತ್ತವೆ. ಹ್ಯೂಸ್ಟನ್ ಕಡೆಯ ಗಾಡಿಯಾದರೆ ಪ್ರವಾಹದ ನೀರು ಹೊಕ್ಕಿತ್ತಾ ನೋಡಬೇಕು. 2017ರ ಹಾರ್ವಿ ಚಂಡಮಾರುತದಲ್ಲಿ ಅಲ್ಲಿ ಲೆಕ್ಕವಿಲ್ಲದಷ್ಟು ಗಾಡಿ ಮುಳುಗಿದವು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದರೆ ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಸಿಕ್ಕಿಬಿಡುತ್ತದೆ, ಅಲ್ಲಿಯವರೆಗೆ ತೊಳೆಯುವವರು ಕಡಿಮೆ.

ಡೀಸೆಲ್ ಆದರೆ ಸೈಲೆನ್ಸರ್ ಪೈಪಿನ ಬಾಯಿಗೆ ಬೆರಳು ಹಾಕಿ ಒರೆಸಿ. ಡಿಪಿಎಫ್ ಇರುವ ಗಾಡಿಯಲ್ಲಿ ಬೆರಳಿಗೆ ಹೆಚ್ಚೇನೂ ಹತ್ತುವುದಿಲ್ಲ. ಕಾಡಿಗೆಯಂತೆ ಮಸಿ ಬಂದರೆ ಫಿಲ್ಟರನ್ನು ಕಿತ್ತಿರಬಹುದು, ಇಲ್ಲ ಅದು ಒಡೆದಿರಬಹುದು. ಕಿತ್ತು ಹಾಕಿದ ಗಾಡಿ ಚೆನ್ನಾಗಿ ಎಳೆಯುತ್ತದೆ ಅಂತ ಹೊಗಳಿ ಮಾರುತ್ತಾರೆ. ವಾಯುಮಾಲಿನ್ಯ ತಡೆಯುವ ಇಲ್ಲಿನ ಕ್ಲೀನ್ ಏರ್ ಆಕ್ಟ್ ಕಾನೂನಿನ ಪ್ರಕಾರ ಅದು ಅಕ್ರಮ, ಕಂಪನಿ ಹೆಸರಲ್ಲಿ ಓಡಿಸುವವರಿಗೆ ಆ ತಲೆನೋವು ಬೇಡವೇ ಬೇಡ.

ಟೆಸ್ಟ್ ಡ್ರೈವ್ ಅಂದರೆ ಹೈವೇಗೆ ಹೋಗಲೇಬೇಕು. ಫೋರ್ಡ್ ಮತ್ತು ರಾಮ್‌ನ ಫೋರ್ ವೀಲ್ ಡ್ರೈವ್‌ಗಳಲ್ಲಿ ಮುಂದೆ ಒಂದೇ ಗಟ್ಟಿ ಆಕ್ಸಲ್ ಇರುವುದರಿಂದ ಟ್ರ್ಯಾಕ್ ಬಾರ್, ಬಾಲ್ ಜಾಯಿಂಟ್ ಸವೆದಿದ್ದರೆ 55, 60 ಮೈಲಿ ವೇಗದಲ್ಲಿ ಸೇತುವೆಯ ಜಾಯಿಂಟ್ ದಾಟುವಾಗ ಸ್ಟೀರಿಂಗ್ ಕೈ ಬಿಡಿಸಿಕೊಳ್ಳುವಷ್ಟು ಅಲ್ಲಾಡುತ್ತದೆ. ಇದಕ್ಕೆ ಡೆತ್ ವಾಬಲ್ ಅಂತ ಹೆಸರು ಸುಮ್ನೆ ಬಂದಿಲ್ಲ. ಹೊಸ ಸ್ಟೀರಿಂಗ್ ಡ್ಯಾಂಪರ್ ಮಾತ್ರ ಹಾಕಿ ಅದನ್ನು ಮುಚ್ಚಿಟ್ಟಿರುತ್ತಾರೆ, ಹಳೆ ಗಾಡಿಯ ಕೆಳಗೆ ಅದೊಂದೇ ಹೊಳೆಯುತ್ತಿದ್ದರೆ ಅನುಮಾನ ಪಡಿ.

ಕಾಗದದ ಕೆಲಸ ಬೇಗ ಹೇಳಿಬಿಡುತ್ತೇನೆ. ಪ್ರತಿ ಗಾಡಿಯ ಗುರುತಾದ 17 ಅಕ್ಷರದ ವಿನ್ ನಂಬರಿನಲ್ಲಿ ಹತ್ತನೆಯದು ಮಾಡೆಲ್ ವರ್ಷ, ಫೋರ್ಡ್‌ನಲ್ಲಿ ಎಂಟನೆಯದು ಎಂಜಿನ್. ರೀಕಾಲ್ ಬಾಕಿ ಇದೆಯಾ ಅಂತ ರಸ್ತೆ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎಯಲ್ಲಿ ಪುಕ್ಕಟೆ ನೋಡಬಹುದು. ಟೈಟಲ್, ಅಂದರೆ ಮಾಲೀಕತ್ವದ ಕಾಗದದ ಮೇಲೆ ಸಾಲ್ವೇಜ್ (ಗುಜರಿ ಮಟ್ಟಕ್ಕೆ ಹಾಳಾದದ್ದು), ರೀಬಿಲ್ಟ್ (ಅಂಥದ್ದನ್ನು ಮತ್ತೆ ಕಟ್ಟಿದ್ದು), ಫ್ಲಡ್ (ಪ್ರವಾಹದಲ್ಲಿ ಮುಳುಗಿದ್ದು) ಅಂತ ಇದ್ದರೆ ಎಷ್ಟೇ ಅಗ್ಗ ಇರಲಿ ಮುಟ್ಟಬೇಡಿ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಜಿವಿಡಬ್ಲ್ಯುಆರ್, ಅಂದರೆ ಸರಕೂ ಸೇರಿ ಗಾಡಿಯ ಗರಿಷ್ಠ ತೂಕದ ರೇಟಿಂಗ್, ಓದಿಕೊಳ್ಳಿ. ಎಷ್ಟೋ ಎಫ್-250ಗಳು ಬೇಕಂತಲೇ 10,000 ಪೌಂಡ್‌ಗೆ ನಿಲ್ಲಿಸಿ ಬಂದಿರುತ್ತವೆ, ಯಾಕಂದರೆ 10,001 ಆಯಿತೋ, ರಾಜ್ಯದ ಗಡಿ ದಾಟಿ ವ್ಯಾಪಾರಕ್ಕೆ ಓಡಿಸಿದರೆ ಕೇಂದ್ರ ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆಯಾದ ಡಾಟ್ ನಂಬರ್, ಡ್ರೈವರ್‌ಗೆ ಮೆಡಿಕಲ್ ಕಾರ್ಡ್ ಎಲ್ಲ ಶುರು. ಟ್ರೇಲರ್ ಕಟ್ಟಿದರೆ ಅದರ ರೇಟಿಂಗೂ ಸೇರುತ್ತದೆ, ಇದನ್ನು ಜನ ಮರೆಯುತ್ತಾರೆ.

ಎಲ್ಲಿ ಕೊಳ್ಳುವುದು ಅನ್ನುವುದಕ್ಕೆ ನನ್ನ ಉತ್ತರ ಒಂದೇ: ವಿದ್ಯುತ್ ಕಂಪನಿ, ನಗರಸಭೆ, ದೊಡ್ಡ ಕಂಟ್ರಾಕ್ಟರ್ ತಮ್ಮ ಗಾಡಿಗಳನ್ನು ಒಟ್ಟಿಗೆ ತೆಗೆಯುವಾಗ. ಕೇಂದ್ರ ಸರ್ಕಾರದ ಗಾಡಿಗಳು ಅದರ ಆಸ್ತಿ ನೋಡಿಕೊಳ್ಳುವ ಜಿಎಸ್‌ಎ ಸಂಸ್ಥೆಯ ಹರಾಜಿನಲ್ಲೂ ಬರುತ್ತವೆ. ಒಂದೇ ಯಾರ್ಡಿನಿಂದ ಮೂರೋ ನಾಲ್ಕೋ ಒಟ್ಟಿಗೆ ಎತ್ತುವುದರಲ್ಲಿ ರೇಟಿಗಿಂತ ದೊಡ್ಡ ಲಾಭ ಇದೆ. ಅವು ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರ ಹಾಗೆ, ಒಂದೇ ಆಯಿಲ್, ಒಂದೇ ರಸ್ತೆ, ಒಂದೇ ಮೆಕ್ಯಾನಿಕ್. ಒಂದರಲ್ಲಿ ವಾಟರ್ ಪಂಪ್ ಸೋರಿದರೆ ಉಳಿದವನ್ನೂ ಆ ವಾರವೇ ಬಗ್ಗಿ ನೋಡುತ್ತೇನೆ, ಎಷ್ಟೋ ಸಲ ಇನ್ನೊಂದರಲ್ಲೂ ಒದ್ದೆ ಕಂಡಿದೆ. ಸರ್ವಿಸ್ ಪುಸ್ತಕ ಕೇಳಿದರೆ ಇಂಥವರು ಕೊಡುತ್ತಾರೆ. ಪಶ್ಚಿಮ ಟೆಕ್ಸಾಸ್‌ನ ತೈಲಬಾವಿಗಳ ಕಡೆಯಿಂದ ಬಂದದ್ದಾದರೆ ನಾನು ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸದೆ ಕೊಳ್ಳುವುದಿಲ್ಲ. ಸಿಲಿಕಾನ್ ಜಾಸ್ತಿ ಬಂದರೆ ಧೂಳು ಎಂಜಿನ್ನಿಗೆ ಹೋಗಿದೆ ಅಂತ ಅರ್ಥ.

ಕೊಂಡ ಬೆಲೆಯ ಮೇಲೆ ಶೇ. 15ರಷ್ಟು ಪಕ್ಕಕ್ಕೆ ಇಡುತ್ತೇನೆ, ಅದು ಖರ್ಚಾಗಿಯೇ ಆಗುತ್ತದೆ. ಗೇರ್ ಆಯಿಲ್, ಡಿಫರೆನ್ಷಿಯಲ್, ಕೂಲಂಟ್, ಬ್ರೇಕ್ ಆಯಿಲ್ ಎಲ್ಲ ಒಂದೇ ಸಲ ಬದಲು. ಟಯರ್ ದಪ್ಪ ಇದ್ದರೂ ಬದಿಯಲ್ಲಿ ಡಾಟ್ ಕೋಡಿನ ಕೊನೆಯ ನಾಲ್ಕು ಅಂಕಿ ಓದಿ. 2317 ಅಂತ ಇದ್ದರೆ 2017ರ 23ನೇ ವಾರದ್ದು, ಭಾರ ಹೊರುವ ಗಾಡಿಗೆ ಅದು ಬೇಡ.

ಈಗ ನನ್ನ ಕಣ್ಣಿರುವುದು 2020ರಲ್ಲಿ ಬಂದ ಫೋರ್ಡ್‌ನ 7.3 ಲೀಟರ್ ಪೆಟ್ರೋಲ್ ಎಂಜಿನ್ ಮೇಲೆ. ಕಬ್ಬಿಣದ ಬ್ಲಾಕ್, ಪುಶ್‌ರಾಡ್, ಪೋರ್ಟ್ ಇಂಜೆಕ್ಷನ್, ಅಂದರೆ ಹಳೆ ಕಾಲದ ಸರಳ ಲೆಕ್ಕ. ಬೆಲೆ ಮಾತ್ರ ಇನ್ನೂ ಇಳಿದಿಲ್ಲ. ದೊಡ್ಡ ಕಂಪನಿಗಳು ತಮ್ಮ ಮೊದಲ ಕಂತಿನ 7.3ಗಳನ್ನು ಗುಂಪಾಗಿ ಹರಾಜಿಗೆ ಬಿಡುವವರೆಗೆ ಕಾಯುತ್ತೇನೆ, ಒಂಟಿ ಗಾಡಿ ಎಷ್ಟೇ ಚೆನ್ನಾಗಿ ಕಂಡರೂ ಸದ್ಯಕ್ಕೆ ತರುವುದಿಲ್ಲ.